ಪಿಕಪ್ಪಿಗೆ ಮಡಚುವ ಮೆಟ್ಟಿಲು: ತಾಳವಾಡಿ ಬೆಟ್ಟದ ಮನೆಗಳಿಗೊಂದು ವಿಚಾರ

ತಾಳವಾಡಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಗಾಜನೂರು. ಗಾಜನೂರು ಎಂದೊಡನೆ ಡಾ. ರಾಜ್‌ಕುಮಾರ್. ೧೯೨೯ರಲ್ಲಿ ಅವರು ಹುಟ್ಟಿದ ಆ ಹಳ್ಳಿ, ೨೦೦೦ನೇ ಇಸವಿಯ ಜುಲೈ ೩೦ರ ರಾತ್ರಿ ವೀರಪ್ಪನ್ ಅವರನ್ನು ಕರೆದೊಯ್ದ ಆ ಮನೆ, ಇವೆರಡೂ ಇರುವುದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ ಎಂಬುದು ಎಷ್ಟೋ ಜನರಿಗೆ ಆ ಗಲಾಟೆಯ ದಿನಗಳಲ್ಲೇ ಮೊದಲ ಸಲ ತಿಳಿದ ಸಂಗತಿ. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಬಂತು; ಅದೇ ಜಿಲ್ಲೆಯ ತಾಳವಾಡಿ ಬೆಟ್ಟಪ್ರದೇಶ ಮದರಾಸಿನಲ್ಲೇ ಉಳಿಯಿತು. ಅದೇ ವರ್ಷ, ಅದೇ ನವೆಂಬರ್ ಒಂದರಂದು ಕಾಸರಗೋಡಿಗೆ ಏನಾಯಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಅಲ್ಲಿಯೂ ಇಲ್ಲಿಯಂತೆಯೇ ಮನೆಮಾತು ಕನ್ನಡ, ಕಚೇರಿಯ ಮಾತು ಬೇರೆ. ಮದುವೆ, ಸಂಬಂಧ, ಸಂತೆ, ಸಿನಿಮಾ ಇವಕ್ಕೆಲ್ಲ ಚಾಮರಾಜನಗರ ಹತ್ತಿರ; ಜಿಲ್ಲಾ ಕಚೇರಿಗಾದರೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ ಈರೋಡಿಗೆ ಇಳಿಯಬೇಕು. ಆ ದಾರಿಯಲ್ಲಿ ಧಿಂಬಂ ಘಾಟಿ. ಮೇಲಿನಿಂದ ಬಣ್ಣಾರಿ ಅಮ್ಮನ ಗುಡಿಯ ತನಕ ಇಪ್ಪತ್ತೇಳು ಕಡಿದಾದ ತಿರುವುಗಳು. ಸುತ್ತಲೂ ೨೦೧೩ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು. ಆನೆ ಅಡ್ಡ ಬಂದರೆ ಅದು ಸರಿದುಹೋಗುವ ತನಕ ಕಾಯುವುದೊಂದೇ ದಾರಿ. ೨೦೨೨ರ ಫೆಬ್ರವರಿಯಲ್ಲಿ ಮದರಾಸು ಹೈಕೋರ್ಟಿನ ಆದೇಶದಂತೆ ಈ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ಬೆಟ್ಟದ ರೈತರು ಬೀದಿಗಿಳಿದರು, ಬಳಿಕ ಸ್ಥಳೀಯರಿಗೆ ಕೆಲವು ಸಡಿಲಿಕೆಗಳೂ ದೊರೆತವು. ಎಲೆಕೋಸು, ಬೀಟ್‌ರೂಟ್, ಆಲೂಗಡ್ಡೆ, ಟೊಮೇಟೊ, ಬಾಳೆ ಬೆಳೆಯುವ ಈ ಊರುಗಳಿಗೆ ಪಿಕಪ್ ಗಾಡಿ ಎಂದರೆ ಹಿಂದಿನವರ ಎತ್ತಿನ ಗಾಡಿ ಇದ್ದಂತೆ. ಬೆಳಗ್ಗೆ ತರಕಾರಿ ಹೊರುತ್ತದೆ, ಮಧ್ಯಾಹ್ನ ಗೊಬ್ಬರ ತರುತ್ತದೆ. ಮನೆಯಲ್ಲಿ ಯಾರಿಗಾದರೂ ಮೈಗೆ ಹುಷಾರಿಲ್ಲದಿದ್ದರೆ ಅದೇ ಗಾಡಿ ಆಸ್ಪತ್ರೆಗೂ ಹೋಗುತ್ತದೆ.

ಇಂದಿನ ನಮ್ಮ ವಿಷಯ ಈ ಗಾಡಿಗೆ ಹತ್ತುವ ಮೆಟ್ಟಿಲು. ಇಷ್ಟು ದೊಡ್ಡ ಪೀಠಿಕೆಗೆ ಇಷ್ಟು ಚಿಕ್ಕ ವಿಷಯವೆ ಎಂದು ಯಾರಾದರೂ ನಗಬಹುದು. ಮಂಡಿನೋವಿನ ಅವ್ವನನ್ನು ಎತ್ತರದ ಪಿಕಪ್ಪಿನ ಮುಂದಿನ ಸೀಟಿಗೆ ಹತ್ತಿಸಿದವರು ನಗಲಾರರು.

ಹತ್ತುವವರ ಕಷ್ಟ

ನಾವು ಮನೆಯಲ್ಲಿ ಹತ್ತುವ ಮೆಟ್ಟಿಲು ಸಾಮಾನ್ಯವಾಗಿ ಆರರಿಂದ ಏಳು ಅಂಗುಲ. ಎತ್ತರದ ಪಿಕಪ್ಪುಗಳಲ್ಲಿ ನೆಲದಿಂದ ಬಾಗಿಲಿನ ಹೊಸ್ತಿಲಿಗೆ ಎರಡು ಅಡಿಯ ಆಸುಪಾಸು ಬರುತ್ತದೆ. ಎಂದರೆ ಮೂರು, ಮೂರೂವರೆ ಮೆಟ್ಟಿಲನ್ನು ಒಂದೇ ಹೆಜ್ಜೆಯಲ್ಲಿ, ಒಂದೇ ಮಂಡಿಯ ಬಲದಲ್ಲಿ ಏರಬೇಕು. ಗದ್ದೆಯಲ್ಲಿ ಕೆಲಸ ಮಾಡುವ ಯುವಕ ಕಂಬಿ ಹಿಡಿದು ಹಾರುತ್ತಾನೆ. ಸೀರೆ ಉಟ್ಟ ಮುದುಕಿ, ದಿನ ತುಂಬಿದ ಬಸುರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಏನು ಮಾಡಬೇಕು? ಮಗನೋ ಅಳಿಯನೋ ತೋಳು ಹಿಡಿದು ಎಳೆಯುತ್ತಾರೆ, ಹಿಂದಿನಿಂದ ಇನ್ನೊಬ್ಬರು ತಳ್ಳುತ್ತಾರೆ. ಈ ಎಳೆದಾಟದ ಸಂಕೋಚಕ್ಕೇ ಎಷ್ಟೋ ಹಿರಿಯರು ‘ಡಾಕ್ಟರೂ ಬೇಡ, ಏನೂ ಬೇಡ, ಇಲ್ಲೇ ಇರ್ತೀನಿ’ ಎಂದು ಜಗಲಿಯಲ್ಲೇ ಕೂತುಬಿಡುವುದುಂಟು. ಹತ್ತುವುದಕ್ಕಿಂತಲೂ ಇಳಿಯುವುದು ಕಷ್ಟ, ಏಕೆಂದರೆ ಇಳಿಯುವಾಗ ಕಾಲಿಡುವ ಜಾಗ ಕಣ್ಣಿಗೆ ಕಾಣುವುದಿಲ್ಲ.

ಪರಿಹಾರವೇನೂ ಹೊಸದಲ್ಲ. ಕುದುರೆ ಜಟಕಾಗಳ ಹಿಂಬದಿಯಲ್ಲಿ ಕಬ್ಬಿಣದ ಪುಟ್ಟ ಮೆಟ್ಟಿಲು ನೇತಾಡುತ್ತಿತ್ತು. ಅದೇ ಮೋಟಾರು ಕಾರಿಗೂ ಬಂತು. ಹಳೆಯ ಫೋರ್ಡ್, ಆಸ್ಟಿನ್ ಕಾರುಗಳ ಎರಡು ಬದಿಗೂ ಮುಂದಿನ ಮಡ್‌ಗಾರ್ಡಿನಿಂದ ಹಿಂದಿನ ಮಡ್‌ಗಾರ್ಡಿನ ತನಕ ಹಲಗೆ ಇರುತ್ತಿದ್ದುದನ್ನು ಹಿರಿಯರು ನೋಡಿರಬಹುದು. ಕಾರುಗಳು ಗಿಡ್ಡವಾಗಿ, ಮೈ ಅಗಲವಾಗಿ ಬೆಳೆದಂತೆ ಹಲಗೆ ಮಾಯವಾಯಿತು. ಫೋಕ್ಸ್‌ವ್ಯಾಗನ್ ಕಂಪನಿಯ ಜೀರುಂಡೆಯಾಕಾರದ ಕಾರು ಮಾತ್ರ ಕೊನೆಯ ತನಕ ಅದನ್ನು ಬಿಡಲಿಲ್ಲ. ಎತ್ತರದ ಜೀಪು, ಪಿಕಪ್ಪುಗಳು ಮನೆಬಳಕೆಗೆ ಬಂದ ಮೇಲೆ ಹಲಗೆ ಮತ್ತೆ ಹುಟ್ಟಿತು. ಈಗ ಅಂಗಡಿಗಳಲ್ಲಿ ಅದಕ್ಕೆ ಫುಟ್‌ಸ್ಟೆಪ್ ಎನ್ನುತ್ತಾರೆ, ಸೈಡ್‌ಸ್ಟೆಪ್ ಎಂದರೂ ಅದೇ.

ಇದರಲ್ಲಿ ಒಂದು ತೊಡಕಿದೆ. ಮೆಟ್ಟಿಲು ತಗ್ಗಿನಲ್ಲಿದ್ದರೆ ಮುದುಕರಿಗೆ ಅನುಕೂಲ. ಆದರೆ ಹೊಲದ ಬದು ದಾಟುವಾಗ, ಹಳ್ಳದ ಕಲ್ಲು ಏರುವಾಗ ಅದೇ ಮೊದಲು ನೆಲಕ್ಕೆ ತಗಲುತ್ತದೆ. ತಗಲಬಾರದೆಂದು ಎತ್ತರಕ್ಕೆ ಕೂರಿಸಿದರೆ ಗಾಡಿಗೆ ಪೆಟ್ಟಿಲ್ಲ, ಅವ್ವನಿಗೆ ಪ್ರಯೋಜನವೂ ಇಲ್ಲ. ನಮ್ಮಲ್ಲಿ ಕಾಣುವ ಎಷ್ಟೋ ಹೊಳೆಯುವ ಕೊಳವೆ ಮೆಟ್ಟಿಲುಗಳು ಹೊಸ್ತಿಲಿಗಿಂತ ಒಂದು ಗೇಣು ಕೆಳಗೆ ನಿಂತಿರುತ್ತವೆ. ಶೋಭೆಗೆ ಸರಿ. ಹತ್ತಲಿಕ್ಕಲ್ಲ.

ಈ ತೊಡಕನ್ನು ಬಿಡಿಸಲೆಂದೇ ಕರೆಂಟಿನಿಂದ ಮಡಚಿಕೊಳ್ಳುವ ಮೆಟ್ಟಿಲು ಬಂದುದು. ಬಾಗಿಲು ತೆರೆದೊಡನೆ ಗಾಡಿಯ ಹೊಟ್ಟೆಯಡಿಯಿಂದ ಹಲಗೆ ಹೊರಗೂ ಕೆಳಗೂ ಚಾಚಿಕೊಳ್ಳುತ್ತದೆ. ಬಾಗಿಲು ಮುಚ್ಚಿ ಕೆಲವು ಕ್ಷಣಗಳಾದ ಮೇಲೆ ಮೇಲಕ್ಕೆ ಮಡಚಿ ಒಳಗೆ ಸೇರುತ್ತದೆ. ಹತ್ತುವಾಗ ತಗ್ಗು, ಓಡುವಾಗ ಎತ್ತರ. ಅಮೆರಿಕದಲ್ಲಿ ೨೦೦೩ರ ಮಾದರಿಯ ಲಿಂಕನ್ ನ್ಯಾವಿಗೇಟರ್ ಗಾಡಿಗೆ ಕಾರ್ಖಾನೆಯವರೇ ಇದನ್ನು ಕೂರಿಸಿ ಕೊಟ್ಟರು. ಈಗ ಲ್ಯಾಂಡ್ ರೋವರ್‌ನಂಥ ಶ್ರೀಮಂತರ ಗಾಡಿಗಳಲ್ಲಿ ಇದೆ. ನಮ್ಮ ದೇಶದಲ್ಲಿ ೨೦೧೬ರಲ್ಲಿ ಇಸುಜು ಕಂಪನಿಯ ವಿ-ಕ್ರಾಸ್, ೨೦೨೨ರಲ್ಲಿ ಟೊಯೊಟಾದ ಹೈಲಕ್ಸ್ ಬಂದ ಮೇಲೆ ಎರಡು ಸಾಲು ಸೀಟಿನ ಎತ್ತರದ ಪಿಕಪ್ಪುಗಳಿಗೆ ಹೊರಗಿನಿಂದ ತಂದು ಕೂರಿಸುವ ಕಿಟ್‌ಗಳ ಮಾತು ನಮ್ಮ ಕಡೆಗೂ ತಲುಪಿದೆ.

ಯಾರಿಗೆ ಬೇಕು, ಯಾರಿಗೆ ಬೇಡ

ಮೊದಲೇ ಹೇಳಿಬಿಡುತ್ತೇವೆ. ತರಕಾರಿ ಹೊರುವ ಸಾಮಾನ್ಯ ಬೊಲೆರೊ ಪಿಕಪ್ಪಿಗೆ, ಅದರಲ್ಲೂ ಕಂತು ಇನ್ನೂ ತೀರದ ಗಾಡಿಗೆ, ಕರೆಂಟಿನ ಮೆಟ್ಟಿಲು ಬೇಡ. ಆ ಹಣದ ಒಂದು ಪಾಲಿನಲ್ಲಿ ಗಟ್ಟಿಯಾದ ಸ್ಥಿರ ಮೆಟ್ಟಿಲೂ, ಬಾಗಿಲ ಕಂಬಕ್ಕೊಂದು ಹಿಡಿಕೆಯೂ ಆಗುತ್ತದೆ. ಸ್ಥಿರ ಮೆಟ್ಟಿಲಿಗೆ ಸಾವಿರದ ಲೆಕ್ಕ. ಕರೆಂಟಿನ ಕಿಟ್ಟಿಗೆ ಹತ್ತಾರು ಸಾವಿರದ ಲೆಕ್ಕ, ಮೇಲೆ ಕೂಲಿ. ಚಾಲಕನ ಆಸನವೇ ಮುಂದಿನ ಚಕ್ರದ ಮೇಲೆ ಬರುವ ಚಿಕ್ಕ ಗಾಡಿಗಳಲ್ಲಂತೂ ಪಕ್ಕದ ಹಲಗೆಗೆ ಜಾಗವೇ ಇಲ್ಲ.

ಎರಡು ಸಾಲು ಸೀಟಿನ ಎತ್ತರದ ಗಾಡಿ ಇದೆ, ಮನೆಯಲ್ಲಿ ಇಬ್ಬರು ಮೂವರು ವಯಸ್ಸಾದವರಿದ್ದಾರೆ, ವಾರಕ್ಕೆರಡು ಸಲ ಹೊಲದ ದಾರಿಯಲ್ಲೂ ಹೋಗಬೇಕು, ತಿಂಗಳಿಗೊಮ್ಮೆ ಆಸ್ಪತ್ರೆಗೂ ಇಳಿಯಬೇಕು ಎನ್ನುವವರಿಗೆ ಈ ಮೆಟ್ಟಿಲು ಯೋಚಿಸತಕ್ಕ ವಸ್ತು. ಇನ್ನೂ ಒಂದು ಕಾರಣಕ್ಕೆ ಇದು ನಮಗೆ ಮೆಚ್ಚುಗೆ. ಸ್ಥಿರ ಮೆಟ್ಟಿಲು ಕಂಡರೆ ಜನ ಅದರ ಮೇಲೆ ನಿಂತು ಜೋತಾಡುತ್ತಾರೆ. ನಮ್ಮ ಗುಡ್ಡದ ಕಡೆಯ ಜೀಪುಗಳ ಕಾಲ ಯಾರಿಗೆ ಮರೆತಿದೆ? ಒಳಗೆ ಹದಿನೈದು ಜನ, ಹಿಂದೆ ನಾಲ್ಕು, ಪಕ್ಕದ ಹಲಗೆಯಲ್ಲಿ ಇಬ್ಬರು. ತಿರುವಿನಲ್ಲಿ ಎದುರಿನ ಗಾಡಿ ತೀರ ಒತ್ತಿ ಬಂದರೆ ಹೊರಗೆ ನಿಂತವನ ಗತಿ ಏನು? ಮಡಚಿ ಒಳಸೇರುವ ಮೆಟ್ಟಿಲಿನ ಮೇಲೆ ಯಾರೂ ನಿಲ್ಲಲಾರರು. ಧಿಂಬಂನ ಇಪ್ಪತ್ತೇಳು ತಿರುವುಗಳಿಗೆ ಇದು ಸಣ್ಣ ಗುಣವಲ್ಲ.

ಇನ್ನು ಪಿಕಪ್ಪಿನ ಹಿಂಬದಿ ತೊಟ್ಟಿಯಲ್ಲಿ ಜನ ಕೂರುವ ಮಾತು. ಸರಕಿನ ಗಾಡಿಯಲ್ಲಿ ಪ್ರಯಾಣಿಕರನ್ನು ಕೊಂಡೊಯ್ಯುವುದು ಅಪರಾಧ ಎಂಬುದಷ್ಟೇ ಅಲ್ಲ, ಅಪಘಾತವಾದಲ್ಲಿ ಹಾಗೆ ಕೂತು ಹೋದ ಪ್ರಯಾಣಿಕರಿಗೆ ವಿಮೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ೨೦೦೨ರ ಡಿಸೆಂಬರಿನಲ್ಲೇ ಹೇಳಿದೆ. ಯಾವ ಮೆಟ್ಟಿಲು ಕೂರಿಸಿದರೂ ಅದು ಮುಂದಿನ ಸೀಟುಗಳಿಗೆ, ಆರ್.ಸಿ. ಪುಸ್ತಕದಲ್ಲಿ ಬರೆದಷ್ಟು ಜನರಿಗೆ ಮಾತ್ರ.

ಕೊಳ್ಳುವ ಮುನ್ನ ಅಳತೆ

ಟೇಪು ಹಿಡಿದು ಸಮನೆಲದಲ್ಲಿ ನಿಲ್ಲಿಸಿದ ಗಾಡಿಯ ಹೊಸ್ತಿಲಿನ ಎತ್ತರ ಅಳೆಯಿರಿ. ೨೬ ಅಂಗುಲ ಬಂತೆನ್ನೋಣ. ಮೆಟ್ಟಿಲು ಚಾಚಿ ನಿಂತಾಗ ನೆಲದಿಂದ ೧೩ ಅಂಗುಲದಲ್ಲಿ ಇದ್ದರೆ ಹತ್ತುವ ಎರಡು ಹೆಜ್ಜೆಯೂ ಸಮ. ೧೮ ಅಂಗುಲದಲ್ಲಿ ನಿಂತರೆ ಮೊದಲ ಹೆಜ್ಜೆಯೇ ದೊಡ್ಡದಾಗಿ, ಹಣ ಕೊಟ್ಟದ್ದು ವ್ಯರ್ಥ. ಅಂಗಡಿಯವನು ಹಲಗೆಯ ಉದ್ದ, ಹೊಳಪು, ಕೆಳಗೆ ಉರಿಯುವ ದೀಪ ಎಲ್ಲವನ್ನೂ ತೋರಿಸುತ್ತಾನೆ. ಈ ಒಂದು ಅಳತೆಯನ್ನು ತಾನಾಗಿ ಹೇಳುವುದು ಕಡಮೆ. ಕೇಳಬೇಕು. ೧೩ ಅಂಗುಲವೆಂದರೂ ಮನೆಯ ಎರಡು ಮೆಟ್ಟಿಲಿನ ಸಮ, ಆದ್ದರಿಂದ ಕೈಗೆ ಹಿಡಿಕೆ ಬೇಕೇ ಬೇಕು. ಹಿಡಿಕೆ ಇಲ್ಲದೆ ಬರೀ ಮೆಟ್ಟಿಲು ಕೂರಿಸುವುದು ಕೈಪಿಡಿ ಇಲ್ಲದ ಏಣಿಯಂತೆ.

ಕಾಲಿಡುವ ಮೈ ಒರಟಾಗಿರಲಿ. ಮಳೆಗಾಲದಲ್ಲಿ ಹವಾಯಿ ಚಪ್ಪಲಿಗೆ ಅಂಟಿದ ಕೆಸರಿನೊಂದಿಗೆ ಹತ್ತುವವರು ನಾವು. ಗುಂಡು ಕೊಳವೆಯಾಗಲಿ ನುಣುಪು ಅಲ್ಯೂಮಿನಿಯಂ ಆಗಲಿ ಆಗ ಜಾರುತ್ತದೆ. ಹಲ್ಲು ಹಲ್ಲಾಗಿ ಮೂಡಿಸಿದ ತಗಡು ಅಥವಾ ಅಗಲವಾದ ರಬ್ಬರ್ ಪಟ್ಟಿ ಇದ್ದರೆ ಒಳ್ಳೆಯದು. ಪಾದದ ಮುಕ್ಕಾಲು ಭಾಗವಾದರೂ ಊರುವಷ್ಟು ಅಗಲವಿರಲಿ. ಅಂಚಿಗೆ ಹಳದಿ ಬಣ್ಣದ ಪಟ್ಟಿ ಅಂಟಿಸಿದರೆ ಪೊರೆ ಬಂದ ಕಣ್ಣಿಗೂ ಸಂಜೆಗತ್ತಲಲ್ಲಿ ಕಾಣುತ್ತದೆ. ನಾಲ್ಕು ಕಾಸಿನ ಆ ಪಟ್ಟಿ, ನಮ್ಮ ಅಭಿಪ್ರಾಯದಲ್ಲಿ, ದೀಪಕ್ಕಿಂತ ಮೇಲು.

ಎಲ್ಲಕ್ಕಿಂತ ಮುಖ್ಯವಾಗಿ, ಕಿಟ್ಟು ನಿಮ್ಮ ಗಾಡಿಯ ಮಾದರಿಗೆಂದೇ ಮಾಡಿದ್ದಾಗಿರಬೇಕು. ‘ಯಾವ ಗಾಡಿಗಾದರೂ ಆಗುತ್ತೆ ಸಾರ್’ ಎಂಬ ಮಾತು ಕೇಳಿದೊಡನೆ ಅಂಗಡಿಯಿಂದ ಹೊರಬೀಳುವುದು ಕ್ಷೇಮ. ಅಂಥದ್ದನ್ನು ಕೂರಿಸಲು ಚಾಸಿಗೆ ತೂತು ಕೊರೆಯುತ್ತಾರೆ, ವೆಲ್ಡಿಂಗ್ ಮಾಡುತ್ತಾರೆ. ಪಿಕಪ್ಪಿನ ಚಾಸಿ ಗಾಡಿಯ ಬೆನ್ನುಮೂಳೆ. ಅದರ ಮೇಲಿನ, ಕೆಳಗಿನ ಅಂಚುಗಳೇ ಭಾರ ಹೊರುವ ಜಾಗ. ಅಲ್ಲಿ ಒಂದು ತೂತೋ ಒಂದು ವೆಲ್ಡಿಂಗ್ ಹೊಲಿಗೆಯೋ ಬಿದ್ದರೆ, ಒಂದೂವರೆ ಟನ್ ಎಲೆಕೋಸು ಹೊತ್ತು ಘಾಟಿ ಇಳಿಯುವಾಗ ಬಿರುಕು ಬಿಡಲು ಅದೇ ಜಾಗ ಸಾಕು. ಸರಿಯಾದ ಕಿಟ್ಟು ಕಾರ್ಖಾನೆಯವರು ಬಿಟ್ಟಿರುವ ತೂತುಗಳಲ್ಲೇ ಬೋಲ್ಟಿನಿಂದ ಕೂರುತ್ತದೆ.

ಕೂರಿಸುವ ಕೆಲಸ

ಇಬ್ಬರು ಬಲ್ಲವರಿಗೆ ಒಂದು ಹಗಲಿನ ಕೆಲಸ. ತಾವೇ ಮಾಡುವ ಉತ್ಸಾಹಿಗಳಿಗೂ, ವರ್ಕ್‌ಷಾಪಿನಲ್ಲಿ ಎದುರು ನಿಂತು ಮಾಡಿಸುವವರಿಗೂ ಕ್ರಮ ಗೊತ್ತಿದ್ದರೆ ಒಳ್ಳೆಯದು.

ಗಾಡಿ ಸಮನೆಲದಲ್ಲಿ ನಿಲ್ಲಲಿ, ಚಕ್ರಕ್ಕೆ ಅಡ್ಡಗಲ್ಲು ಇರಲಿ. ಎತ್ತಬೇಕಾದರೆ ಸ್ಟ್ಯಾಂಡಿನ ಮೇಲೆ ಕೂರಿಸಿಯೇ ಕೆಳಗೆ ನುಗ್ಗಬೇಕು. ಬರೀ ಜಾಕನ್ನು ನಂಬಿ ಗಾಡಿಯಡಿ ಮಲಗುವುದು ಬೇಡ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಕಳಚಿಡಬೇಕು.

ಒಂದೊಂದು ಬದಿಗೆ ಎರಡು ಮಡಚು ತೋಳುಗಳಿರುತ್ತವೆ, ಉದ್ದನೆಯ ಹಲಗೆಗೆ ಮೂರು. ಅವುಗಳಲ್ಲಿ ಒಂದಕ್ಕೆ ಮಾತ್ರ ಮೋಟಾರು. ಉಳಿದವು ಅದರ ಹಿಂದೆ ನಡೆಯುವ ಕುರಿಗಳು. ಮೋಟಾರಿನ ತೋಳು ಮುಂದೆ ಬರಬೇಕೋ ಹಿಂದೆ ಬರಬೇಕೋ ಎಂಬುದನ್ನು ಕಿಟ್ಟಿನ ಹಾಳೆಯಲ್ಲಿ ನೋಡಿಯೇ ಕೂರಿಸಬೇಕು. ಸೈಲೆನ್ಸರ್ ಕೊಳವೆಯ ಬಿಸಿ ತಾಗದಂತೆಯೂ ಎಚ್ಚರವಹಿಸಬೇಕು. ತೋಳುಗಳನ್ನು ಸಡಿಲವಾಗಿ ಬೋಲ್ಟು ಮಾಡಿ, ಹಲಗೆ ಜೋಡಿಸಿ, ಕೈಯಿಂದಲೇ ಚಾಚಿ ಮಡಚಿ ನೋಡಿ, ಎರಡು ತುದಿಯೂ ಒಂದೇ ಮಟ್ಟದಲ್ಲಿ ಚಲಿಸುತ್ತವೆ ಎಂದಾದ ಮೇಲೆ ಬಿಗಿಯಬೇಕು. ಮೊದಲೇ ಬಿಗಿದರೆ ಹಲಗೆ ಸ್ವಲ್ಪ ಓರೆಯಾಗಿ, ಮೋಟಾರು ಪ್ರತಿ ಸಲವೂ ಹೆಣಗುತ್ತದೆ. ಆರು ತಿಂಗಳಲ್ಲಿ ಸುಟ್ಟುಹೋದಾಗ ‘ಮಾಲು ಸರಿಯಿಲ್ಲ’ ಎಂದು ಬೈಯುತ್ತೇವೆ. ನಟ್ಟುಗಳು ತಾವಾಗಿ ಸಡಿಲವಾಗದ ನೈಲಾನ್ ಉಂಗುರದ ಬಗೆಯವಾಗಿರಲಿ. ಅಲ್ಯೂಮಿನಿಯಂ ಹಲಗೆ ಉಕ್ಕಿನ ತೋಳಿಗೆ ತಗಲುವಲ್ಲಿ ಕಿಟ್ಟಿನಲ್ಲಿ ಕೊಟ್ಟ ಪ್ಲಾಸ್ಟಿಕ್ ಬಿಲ್ಲೆಗಳನ್ನು ಬಿಡಬಾರದು. ಎರಡು ಲೋಹಗಳು ಒದ್ದೆಯಲ್ಲಿ ಕೂಡಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ತಾಳವಾಡಿಯ ಒಣಹವೆಯಲ್ಲಿ ಇದು ನಿಧಾನ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿಯ ನಮ್ಮ ಕಾಸರಗೋಡಿನಲ್ಲಿ ಬಲು ಬೇಗ.

ಕಷ್ಟದ ಭಾಗ ತಂತಿಯದು. ಬ್ಯಾಟರಿಯಿಂದ ಹೊರಡುವ ಧನ ತಂತಿಗೆ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಇರಬೇಕು. ಎಷ್ಟು ಆಂಪಿಯರಿನದು ಎಂಬುದನ್ನು ಕಿಟ್ಟು ತಯಾರಿಸಿದವರೇ ಬರೆದಿರುತ್ತಾರೆ, ಅದಕ್ಕಿಂತ ದೊಡ್ಡದನ್ನು ಹಾಕಬಾರದು. ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ತಂತಿಯಲ್ಲೋ ತೋಳಿನಲ್ಲೋ ದೋಷವಿದೆ ಎಂದರ್ಥ. ಅಲ್ಲಿ ಬೆಳ್ಳಿಕಾಗದ ಸುತ್ತುವ ನಮ್ಮ ಹಳೆಯ ಚಾಳಿ ಗಾಡಿಗೆ ಬೆಂಕಿ ಇಡುವ ಚಾಳಿ. ಪಿಕಪ್ಪುಗಳದು ೧೨ ವೋಲ್ಟಿನ ಏರ್ಪಾಡು, ದೊಡ್ಡ ಲಾರಿಗಳದು ೨೪. ಒಂದರ ಮೋಟಾರು ಇನ್ನೊಂದಕ್ಕೆ ಆಗದು. ತಂತಿ ತಗಡಿನ ಗೋಡೆ ದಾಟುವಲ್ಲಿ ರಬ್ಬರ್ ಉಂಗುರ ಬೇಕು. ಕೆಳಗೆ ಚಾಸಿಯ ಒಳಬದಿಗೆ, ತಿರುಗುವ ಶಾಫ್ಟಿನಿಂದಲೂ ಸೈಲೆನ್ಸರಿನಿಂದಲೂ ದೂರವಾಗಿ, ಗೇಣಿಗೊಂದರಂತೆ ಕಟ್ಟು ಹಾಕಿ ಸಾಗಿಸಬೇಕು. ಎಲ್ಲವನ್ನೂ ನಡೆಸುವ ಪುಟ್ಟ ಪೆಟ್ಟಿಗೆಯನ್ನು ನೀರು ಸಿಡಿಯದ ಎತ್ತರದಲ್ಲಿ, ತಂತಿಗಳ ಬಾಯಿ ಕೆಳಮುಖವಾಗಿರುವಂತೆ ಕೂರಿಸಿದರೆ ಮಳೆನೀರು ಒಳಗಿಳಿಯದು.

ಬಾಗಿಲು ತೆರೆದದ್ದು ಮೆಟ್ಟಿಲಿಗೆ ತಿಳಿಯುವುದು ಹೇಗೆ? ಬಾಗಿಲು ತೆರೆದಾಗ ಒಳದೀಪ ಹತ್ತಿಸುವ ಸ್ವಿಚ್ಚಿನಿಂದಲೇ ಕೆಲವು ಕಿಟ್ಟುಗಳು ಸುದ್ದಿ ಪಡೆಯುತ್ತವೆ. ಹೊಸಬಗೆಯವು ಮೆಕಾನಿಕ್ಕರು ಗಾಡಿಯ ರೋಗ ಪರೀಕ್ಷಿಸಲು ಬಳಸುವ ಸಾಕೆಟ್ಟಿಗೆ ಚುಚ್ಚಿಕೊಳ್ಳುತ್ತವೆ. ಇನ್ನು ಕೆಲವು ಬಾಗಿಲಿಗೆ ತಮ್ಮದೇ ಅಯಸ್ಕಾಂತದ ಸ್ವಿಚ್ಚು ಅಂಟಿಸಿಕೊಳ್ಳುತ್ತವೆ. ಹಳ್ಳಿಯ ಬಳಕೆಗೆ ಕೊನೆಯದೇ ವಾಸಿ ಎಂದು ನಮಗೆ ಕಾಣುತ್ತದೆ: ಗಾಡಿಯ ಮೂಲ ತಂತಿಗಳಿಗೆ ಕೈ ಹಚ್ಚುವ ಪ್ರಸಂಗವಿಲ್ಲ, ಕಂಪನಿಯ ಗ್ಯಾರಂಟಿಗೆ ತಕರಾರು ಬರುವ ಸಂಭವ ಕಡಮೆ, ಕೆಟ್ಟರೆ ತಾಳವಾಡಿಯ ಯಾವ ಎಲೆಕ್ಟ್ರಿಷಿಯನ್ನನಾದರೂ ಬದಲಿಸಬಲ್ಲ.

ಮುಗಿದ ಮೇಲೆ ಇಪ್ಪತ್ತು ಸಲ ಬಾಗಿಲು ತೆರೆದು ಮುಚ್ಚಿ ನೋಡಿ. ಬಳಿಕ ಗೋಣಿಚೀಲವನ್ನು ಸುರುಳಿ ಸುತ್ತಿ ಹಲಗೆ ಮಡಚುವ ಜಾಗದಲ್ಲಿಡಿ. ಅಡ್ಡಿ ಸಿಕ್ಕಿದೊಡನೆ ಮೋಟಾರು ಎಳೆಯುವ ಕರೆಂಟು ಏರುತ್ತದೆ. ಒಳ್ಳೆಯ ಕಿಟ್ಟು ಅದನ್ನು ಗುರುತಿಸಿ ನಿಲ್ಲುತ್ತದೆ ಅಥವಾ ಹಿಂದೆ ಸರಿಯುತ್ತದೆ. ಚೀಲವನ್ನು ಹಿಂಡುತ್ತ ಹೋದರೆ ಆ ಕಿಟ್ಟನ್ನು ಅಲ್ಲೇ ಕಳಚಿ ಹಿಂದೆ ಕೊಡಿ. ಮಕ್ಕಳ ಕೈಬೆರಳು, ಅವ್ವನ ಸೀರೆಯ ಅಂಚು ಹೋಗುವುದು ಇದೇ ಸಂದಿಗೆ. ಕೈಯಿಟ್ಟು ಪರೀಕ್ಷಿಸುವ ಸಾಹಸವನ್ನು ಯಾರೂ ಮಾಡಬಾರದು. ಐನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಕೆಟ್ಟರೆ?

ಬೆಟ್ಟದವರು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ. ಪೇಟೆಯಲ್ಲಿ ಕೆಟ್ಟರೆ ಅಂಗಡಿಗೆ ಒಯ್ಯಬಹುದು. ತಾಳವಾಡಿಯವರು ಕೂರಿಸಿರುವುದು ಮೈಸೂರಿನಲ್ಲೋ ಕೊಯಮತ್ತೂರಿನಲ್ಲೋ ಇರುತ್ತದೆ, ನಮ್ಮ ಕೆ.ಎಲ್. ೧೪ರ ಗಾಡಿಗಳು ಮಂಗಳೂರಿಗೆ ಹೋಗುವಂತೆ. ಮೆಟ್ಟಿಲು ಚಾಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ, ಗಾಡಿಯ ಪಕ್ಕಕ್ಕೆ ಹೊರಚಾಚಿದ ಹಲಗೆಯೊಂದಿಗೆ ಘಾಟಿಯ ತಿರುವಿಗೆ ಇಳಿಯುವುದು ಅಪಾಯ. ಬಂಡೆಗೂ ತಾಗೀತು, ಬೈಕಿನವನ ಮೊಣಕಾಲಿಗೂ ತಾಗೀತು. ಮೋಟಾರನ್ನು ಎರಡು ಮೂರು ಬೋಲ್ಟು ಬಿಚ್ಚಿ ಬೇರ್ಪಡಿಸಿ, ಕೈಯಿಂದ ಮಡಚಿ, ಕಟ್ಟಲು ಬರುತ್ತದೆಯೆ ಎಂದು ಕೊಳ್ಳುವಾಗಲೇ ಕೇಳಿ, ಕೂರಿಸಿದವನಿಂದ ಒಮ್ಮೆ ಮಾಡಿಸಿ ನೋಡಬೇಕು. ಆ ಅಳತೆಯ ಸ್ಪ್ಯಾನರ್, ಎರಡು ಬಿಡಿ ಫ್ಯೂಸು, ಒಂದು ಮಾರು ಗಟ್ಟಿ ಹಗ್ಗ ಸೀಟಿನಡಿ ಯಾವಾಗಲೂ ಇರಲಿ. ಆನೆ ಓಡಾಡುವ ಕಾಡಿನ ದಾರಿಯಲ್ಲಿ ಮಾತ್ರ ಈ ರಿಪೇರಿಗೆಂದು ಇಳಿಯುವುದು ಸಲ್ಲದು. ಹೊರಡುವ ಮುನ್ನವೇ ಎರಡು ಬದಿಯನ್ನೂ ನೋಡಿಕೊಳ್ಳಬೇಕು.

ಡ್ಯಾಶ್‌ಬೋರ್ಡಿನಲ್ಲಿ ಮೆಟ್ಟಿಲನ್ನು ಪೂರ್ತಿ ನಿಲ್ಲಿಸುವ ಸ್ವಿಚ್ಚು ಇರುವ ಕಿಟ್ಟನ್ನೇ ಆರಿಸಿರಿ. ಹೊಲದಲ್ಲಿ ಲೋಡು ತುಂಬುವಾಗ ಬಾಗಿಲು ಹತ್ತು ಸಲ ತೆರೆಯುತ್ತದೆ. ಪ್ರತಿ ಸಲವೂ ಮೆಟ್ಟಿಲು ಕೆಸರಿಗೆ ಇಳಿದು ಬಂದರೆ ತೋಳುಗಳ ಕೀಲಿಗೆ ಮಣ್ಣು ತುಂಬುತ್ತದೆ. ಈ ಯಂತ್ರದ ಮುಖ್ಯ ಶತ್ರು ಕೆಸರೇ. ವಾರಕ್ಕೊಮ್ಮೆ ನೀರು ಹೊಡೆದು ತೊಳೆಯಿರಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಸಿಂಪಡಿಸಿರಿ. ಗ್ರೀಸು ಹಚ್ಚಬಾರದು. ಗ್ರೀಸಿಗೆ ಧೂಳು ಅಂಟಿ ಅರೆಯುವ ಕಲ್ಲಾಗುತ್ತದೆ.

ಮನೆಮಂದಿಗೂ ಸ್ವಲ್ಪ ಪಾಠ ಬೇಕು. ಬಾಗಿಲು ತೆರೆಯುವಾಗ ತೀರ ಹತ್ತಿರ ನಿಂತರೆ ಹೊರಚಾಚುವ ಹಲಗೆ ಮೊಣಕಾಲ ಕೆಳಗಿನ ಮೂಳೆಗೆ ಬಡಿಯುತ್ತದೆ. ಒಂದು ಮೊಳ ಹಿಂದೆ ನಿಲ್ಲಬೇಕು. ಹಲಗೆ ಪೂರ್ತಿ ನಿಂತ ಮೇಲೆ ಕಾಲಿಡಬೇಕು. ‘ನಿಲ್ಲಿ ಅವ್ವಾ, ಮೆಟ್ಟಿಲು ಬರಲಿ’ ಎಂದು ಹೇಳುವ ಅಭ್ಯಾಸ ಗಾಡಿ ಓಡಿಸುವ ಹುಡುಗರಿಗೆ ಬರಬೇಕು.

ಕಾನೂನಿನ ಮಾತು

ಗಾಡಿಗೆ ಏನನ್ನಾದರೂ ಸೇರಿಸುವ ಮುನ್ನ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೇ ಕಲಮನ್ನು ನೆನೆಯಬೇಕು. ತಯಾರಕರು ಮೂಲತಃ ಸೂಚಿಸಿದ ವಿವರಗಳಿಂದ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂಥ ಬದಲಾವಣೆಯನ್ನು ಮಾಲೀಕನು ಮಾಡಕೂಡದೆಂದು ಅದು ಹೇಳುತ್ತದೆ. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಬದಲಾವಣೆ ಒಂದೊಂದಕ್ಕೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳ ತನಕ ಸೆರೆ ಅಥವಾ ಎರಡೂ ಎಂದು ಸೇರಿತು. ಮುಂದುಗಡೆಯ ಕಬ್ಬಿಣದ ಗಾರ್ಡುಗಳ ವಿರುದ್ಧ ಕೇಂದ್ರ ಸರಕಾರ ೨೦೧೭ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಪಕ್ಕದ ಮೆಟ್ಟಿಲು ಆ ಗಾರ್ಡಿನಷ್ಟು ಅಪಾಯದ ವಸ್ತುವಲ್ಲ, ಗಾಡಿಯ ಮೂಲ ರಚನೆಯನ್ನು ಮುಟ್ಟುವುದೂ ಇಲ್ಲ. ಆದರೂ ನಡುದಾರಿಯಲ್ಲಿ ತಡೆದ ಅಧಿಕಾರಿಯೊಡನೆ ಈ ವಾದ ಹೂಡುವುದಕ್ಕಿಂತ ಮೊದಲೇ ತಮ್ಮ ನೋಂದಣಿಯ ಆರ್.ಟಿ.ಓ. ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆದಿಟ್ಟುಕೊಂಡರೆ ಒಳಿತು. ತಯಾರಕ ಕಂಪನಿಯೇ ತನ್ನ ಉಪಕರಣಗಳ ಪಟ್ಟಿಯಲ್ಲಿ ಮಾರುವ ಮೆಟ್ಟಿಲಾದರೆ ಬಿಲ್ಲು ಕೈಯಲ್ಲಿದ್ದರೆ ತಂಟೆ ಕಡಮೆ.

ತಾಳವಾಡಿಯವರು ಚಾಮರಾಜನಗರದಲ್ಲಿ ಕೂರಿಸಿದರೂ, ನಾವು ಮಂಗಳೂರಿನಲ್ಲಿ ಕೂರಿಸಿದರೂ ಕಾಯಿದೆ ದೇಶಕ್ಕೆಲ್ಲ ಒಂದೇ. ಕರ್ನಾಟಕದ ಅಂಗಡಿಯವನು ‘ಇಲ್ಲಿ ಯಾರೂ ಕೇಳಲ್ಲ’ ಎಂದದ್ದು ಬಣ್ಣಾರಿಯ ಚೆಕ್‌ಪೋಸ್ಟಿನಲ್ಲಾಗಲಿ ತಲಪಾಡಿಯಲ್ಲಾಗಲಿ ನಡೆಯದು. ವಿಮೆ ಕಂಪನಿಗೂ ತಿಳಿಸಬೇಕು: ಹೊರಗಿನಿಂದ ಕೂರಿಸಿದ ವಿದ್ಯುತ್ ಉಪಕರಣಗಳನ್ನು ಬೆಲೆಸಹಿತ ಪಾಲಿಸಿಯಲ್ಲಿ ಬರೆಸಿ ಹೆಚ್ಚಿನ ಕಂತು ಕಟ್ಟಿದರೆ ಮಾತ್ರ ಅವಕ್ಕೆ ಪರಿಹಾರ. ಬರೆಸದೆ, ತಂತಿಯ ದೋಷದಿಂದ ಗಾಡಿಗೇ ಬೆಂಕಿ ಬಿದ್ದರೆ ಮೆಟ್ಟಿಲಿನ ಹಣ ಹೋಗುವುದು ಮಾತ್ರವಲ್ಲ, ಗಾಡಿಯ ಹಣಕ್ಕೂ ತಕರಾರು ಬರಬಹುದು.

ಇನ್ನೊಂದು ಸಣ್ಣ ಮಾತು. ಇಂಥ ಕಿಟ್ಟಿನ ಹಾಳೆಗಳಲ್ಲಿ ಕನ್ನಡ ಕಾಣುವುದಿಲ್ಲ, ಮಲೆಯಾಳವೂ ಇಲ್ಲ, ತಮಿಳೂ ಇಲ್ಲ. ಇರುವುದು ಇಂಗ್ಲಿಷು, ಕೆಲವೊಮ್ಮೆ ಚೀನೀ ಅಕ್ಷರ. ಕೂರಿಸಿದವನು ಹೊರಟುಹೋಗುವ ಮುನ್ನ ಅವನಿಂದ ಕೇಳಿ ತಿಳಿದುಕೊಂಡು, ಫ್ಯೂಸಿನ ಡಬ್ಬಿಯ ಮೇಲೆ ‘ಮೆಟ್ಟಿಲಿನ ಫ್ಯೂಸು’ ಎಂದೂ, ಸ್ವಿಚ್ಚಿನ ಕೆಳಗೆ ‘ಮೆಟ್ಟಿಲು ಬಂದ್’ ಎಂದೂ ಪೇಂಟಿನಲ್ಲಿ ಕನ್ನಡದಲ್ಲೇ ಬರೆದಿಡಿ. ನಾಳೆ ನೀವಿಲ್ಲದಾಗ ಗಾಡಿ ತೆಗೆಯುವವರು ಮನೆಯ ಸೊಸೆಯೋ ಕಾಲೇಜಿಗೆ ಹೋಗುವ ಮಗನೋ ಆಗಿರಬಹುದು, ಹಿಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೊರಟ ಅವ್ವ ಕೂತಿರಬಹುದು.